ಇಳಿಜಾರಿನಲ್ಲಿ ಉಳಿಸಿದ ಪೆಟ್ರೋಲು

"ಎಷ್ಟು ಕೊಡ್ತೈತೆ?"

ಕಾರು ಮನೆಗೆ ಬಂದ ಮೂರನೆಯ ವಾರ, ಊಟಕ್ಕೆ ಕೂತು ಮುದ್ದೆ ಮುರಿಯುತ್ತ ಚಿತ್ತಯ್ಯ ಸೊಸೆಯನ್ನು ಕೇಳಿದ. ಏನು ಎಷ್ಟು ಕೊಡುತ್ತದೆ ಎಂದು ಆ ಮನೆಯಲ್ಲಿ ಯಾರೂ ಮರುಪ್ರಶ್ನೆ ಹಾಕುವಂತಿರಲಿಲ್ಲ. ಮೂವತ್ತೆರಡು ವರ್ಷ ಸರ್ಕಾರಿ ಬಸ್ಸು ಓಡಿಸಿ ನಿವೃತ್ತನಾದವನಿಗೆ ಒಂದು ಗಾಡಿಯ ಬಗ್ಗೆ ಕೇಳಬೇಕಾದ್ದು ಅದೊಂದೇ. ಬಣ್ಣ ಯಾವುದು, ಸೀಟು ಮೆತ್ತಗಿದೆಯೇ, ಹಾಡು ಹೇಳುತ್ತದೆಯೇ ಎಂಬುದೆಲ್ಲ ಮೊಮ್ಮಗಳು ಅಂಜಲಿಗೆ ಬಿಟ್ಟ ವಿಚಾರ.

"ಲೀಟರಿಗೆ ಹದಿನೇಳು ಬಂತು ಮಾವ," ಎಂದಳು ರಂಜಿತಾ, ಸಾರಿನ ಸೌಟು ಹಿಡಿದುಕೊಂಡೇ.

"ಹದಿನೇಳಾ?" ಚಿತ್ತಯ್ಯನ ಕೈ ತಟ್ಟೆಯಲ್ಲೇ ನಿಂತಿತು. "ಮಾರಿದೋನು ಇಪ್ಪತ್ನಾಲ್ಕು ಅಂದಿದ್ದ."

"ಪೇಪರ್‌ನಾಗೆ ಹಂಗೇ ಬರೆದಿರ್ತಾರೆ. ರಸ್ತೆ ಮೇಲೆ ಅಷ್ಟು ಬರಲ್ಲ."

"ರಸ್ತೆ ಮೇಲೆ ಬರದೆ ಇನ್ನೆಲ್ಲಿ ಬರ್ತೈತೆ, ಆಕಾಶದಾಗಾ?"

ಅಂಜಲಿ ಕಿಸಕ್ಕನೆ ನಕ್ಕಳು. ಗಿರೀಶ ಮೊಬೈಲಿನಿಂದ ತಲೆಯೆತ್ತಿ, "ಕಾರಿಂದೇನೂ ತಪ್ಪಿಲ್ಲ ಅಪ್ಪ. ಇವಳು ಎಕ್ಸಿಲೇಟರ್ ಮೇಲೆ ನಿಂತ್ಕಂಡೇ ಓಡಿಸ್ತಾಳೆ," ಎಂದ.

"ನೀವು ಒಂದಿನ ನನ್ನ ಪಕ್ಕ ಕುಂತಿದೀರಾ?" ಎಂದಳು ರಂಜಿತಾ.

"ಕೂರದು ಯಾಕೆ? ಬಂಕ್‌ನೋರು ಕೊಡೋ ಚೀಟಿ ನೋಡಿದ್ರೆ ಸಾಕು."

ಕೆಂಚಕ್ಕ ಗಂಡನ ತಟ್ಟೆಗೆ ಅವರೆಕಾಳಿನ ಸಾರು ಸುರಿದು, "ಮೊದ್ಲು ಉಣ್ರಿ, ಆರೋಗ್ತೈತೆ," ಎಂದಳು. ಅಲ್ಲಿಗೆ ಅವತ್ತಿನ ಮಾತು ಮುಗಿಯಿತು. ಆದರೆ ಹದಿನೇಳೆಂಬುದು ಆ ಮನೆಯೊಳಗೆ ಹೊಕ್ಕು ಕೂತುಬಿಟ್ಟಿತು.

ಅವರದು ಹೊಸದುರ್ಗದಲ್ಲಿ ಎರಡು ಕೋಣೆಯ ಸ್ವಂತ ಮನೆ. ಗಿರೀಶ ಬಸ್ ನಿಲ್ದಾಣದ ಹತ್ತಿರ ಹನಿ ನೀರಾವರಿ ಪೈಪಿನ ಅಂಗಡಿ ಇಟ್ಟಿದ್ದ. ರಂಜಿತಾ ಮಾಡದಕೆರೆಯ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವ ಲ್ಯಾಬ್ ಟೆಕ್ನಿಷಿಯನ್. ಒಂಬತ್ತು ವರ್ಷ ಬಸ್ಸಿನಲ್ಲೇ ಓಡಾಡಿದವಳು. ಬೆಳಿಗ್ಗೆ ಏಳೂವರೆಗೆ ಮನೆ ಬಿಟ್ಟರೆ ಸಂಜೆ ಬಸ್ಸು ಸಿಕ್ಕಿದಾಗ ಸಿಕ್ಕಿತು; ಎಷ್ಟೋ ದಿನ ಅವಳು ಹೊಸ್ತಿಲು ದಾಟುವ ಹೊತ್ತಿಗೆ ಮಂಡಿ ನೋವಿನ ಅತ್ತೆಯೇ ಎಸರಿಟ್ಟು, ಮುದ್ದೆ ತೊಳಸಿ, ಗೋಡೆಗೊರಗಿ ಕೂತಿರುತ್ತಿದ್ದಳು. ಯುಗಾದಿ ಕಳೆದ ಮೇಲೆ ರಂಜಿತಾ ತನ್ನ ಸಂಬಳದ ಮೇಲೆ ಸಾಲ ಎತ್ತಿ ಈ ಬಿಳಿ ಸಣ್ಣ ಕಾರು ಕೊಂಡಳು. ಈಗ ಐದೂವರೆಗೆಲ್ಲ ಮನೆಯಲ್ಲಿರುತ್ತಿದ್ದಳು. ಅಡುಗೆ ಹೊತ್ತಿಗೆ ಸರಿಯಾಗಿ ಆಗುತ್ತಿತ್ತು. ಅದನ್ನು ಮಾತ್ರ ಯಾರೂ ಲೀಟರಿನ ಲೆಕ್ಕಕ್ಕೆ ಸೇರಿಸಲಿಲ್ಲ.

ಚಿತ್ತಯ್ಯ ಶ್ರೀರಾಂಪುರದ ಕಡೆಯ ಗೊಲ್ಲರಹಟ್ಟಿಯಲ್ಲಿ ಹುಟ್ಟಿದವನು. ಹದಿನೆಂಟರವರೆಗೆ ಕುರಿಯ ಹಿಂದೆ ನಡೆದು, ಆಮೇಲೆ ಲಾರಿಯ ಕ್ಲೀನರಾಗಿ, ಲೈಸೆನ್ಸು ಮಾಡಿಸಿ, ಬಸ್ಸಿನ ಸೀಟು ಹತ್ತಿದ. ಡಿಪೋದ ಕಪ್ಪು ಹಲಗೆಯ ಮೇಲೆ ಪ್ರತಿ ತಿಂಗಳೂ ಯಾವ ಚಾಲಕ ಲೀಟರ್ ಡೀಸೆಲ್ಲಿಗೆ ಎಷ್ಟು ಕಿಲೋಮೀಟರ್ ತೆಗೆದ ಎಂದು ಬರೆಯುತ್ತಿದ್ದರು. ಅದರಲ್ಲಿ ಅವನ ಹೆಸರು ಮೇಲಿನ ಮೂರರಿಂದ ಕೆಳಗಿಳಿದದ್ದು ಕಡಿಮೆ. ಒಂದು ಜೀವಕ್ಕೂ ಅಪಾಯ ಮಾಡದೆ ಕೀಲಿ ಒಪ್ಪಿಸಿ ಬಂದೆ ಎಂದು ಮದುವೆ ಮನೆಗಳಲ್ಲಿ, ಸಾವಿನ ಮನೆಗಳಲ್ಲಿ, ಕಟಿಂಗ್ ಶಾಪಿನಲ್ಲಿ ಹೇಳಿಕೊಂಡವನು.

ಮುಂದಿನ ಭಾನುವಾರ ಅವನು ತಾನೇ ಬಂಕಿಗೆ ಹೋಗಿ ಕತ್ತಿನ ಮಟ್ಟ ಪೆಟ್ರೋಲ್ ತುಂಬಿಸಿಕೊಂಡು ಬಂದ.

"ಈ ಟ್ಯಾಂಕು ನಾನು ಓಡಿಸ್ತೀನಿ. ಖಾಲಿ ಆಗಾತನಕ ನೀನು ಮುಟ್ಟಬೇಡ. ನೋಡಾಣ, ಕಾರಿಂದು ತಪ್ಪೋ ಕಾಲಿಂದು ತಪ್ಪೋ."

ಎರಡೂವರೆ ವಾರ ಚಿತ್ತಯ್ಯನೇ ಸೊಸೆಯನ್ನು ಮಾಡದಕೆರೆಗೆ ಬಿಟ್ಟು, ಸಂಜೆತನಕ ಆಸ್ಪತ್ರೆಯ ಮುಂದಿನ ಬೇವಿನ ಮರದ ಕಟ್ಟೆಯಲ್ಲಿ ಕೂತು, ವಾಪಸು ಕರೆತಂದ. ಎಸಿ ಹಾಕುವಂತಿಲ್ಲ. ಗಾಳಿ ಒಳಗೆ ನುಗ್ಗಿದರೆ ಗಾಡಿ ತಡೆಯುತ್ತದೆಂದು ಗಾಜೂ ಇಳಿಸುವಂತಿಲ್ಲ. ನಲವತ್ತೈದರ ಮೇಲೆ ಮುಳ್ಳು ಏರುತ್ತಿರಲಿಲ್ಲ. ಟಿವಿಎಸ್ಸಿನಲ್ಲಿ ಹುಲ್ಲಿನ ಹೊರೆ ಒಯ್ಯುವವರೂ ಅವರನ್ನು ಹಿಂದೆ ಹಾಕಿ ಹೋಗುತ್ತಿದ್ದರು. ರಂಜಿತಾ ಕರವಸ್ತ್ರದಲ್ಲಿ ಕತ್ತು ಒರೆಸಿಕೊಳ್ಳುತ್ತ ಕೂತಿರುತ್ತಿದ್ದಳು. ದಿನವೂ ಹತ್ತು ನಿಮಿಷ ತಡವಾಗುತ್ತಿದ್ದುದರಿಂದ ಡಾಕ್ಟರು ಗಡಿಯಾರ ನೋಡಲು ಶುರುಮಾಡಿದ್ದರು.

ಮೂರನೆಯ ದಿನ, ಸಂಜೆ ಮರಳುವಾಗ, ಮಾಡದಕೆರೆ ಬಿಟ್ಟ ಮೇಲೆ ಸಿಗುವ ಉದ್ದನೆಯ ಇಳಿಜಾರಿನಲ್ಲಿ ಎಂಜಿನ್ನಿನ ಗುಂಯ್ ಎನ್ನುವ ಸದ್ದು ನಿಂತುಹೋಯಿತು. ಟೈರಿನ ಸರಸರ ಮಾತ್ರ ಉಳಿಯಿತು.

"ಮಾವ, ಗಾಡಿ ಆಫ್ ಆಯ್ತಾ?"

"ಆಗಲಿಲ್ಲ. ಮಾಡ್ದೆ."

"ಓಡೋವಾಗ ಆಫ್ ಮಾಡಬಾರ್ದು ಅಂತ ಕಾರಿನ ಪುಸ್ತಕದಾಗೆ ಐತೆ."

"ಇಪ್ಪತ್ನಾಲ್ಕು ಕೊಡ್ತೈತೆ ಅಂತ ಬರೆದೋನೂ ಅವನೇ ಅಲ್ವಾ?" ಎಂದ ಚಿತ್ತಯ್ಯ. "ಭೂಮಿ ತಾನಾಗಿ ಎಳ್ಕಂಡು ಹೋಗ್ತಿರುವಾಗ ಪೆಟ್ರೋಲ್ ಯಾಕೆ ಸುಡಬೇಕು? ಬಸ್ಸಿನಾಗೆ ಗಾಳಿ ಟ್ಯಾಂಕು ತುಂಬಿದ್ರೆ, ಎಂಜಿನ್ ನಿಂತ್ರೂ ನಾಲ್ಕಾರು ಬ್ರೇಕಿಗೆ ಸಾಕಾಗೋದು. ನಂಗೆ ಗೊತ್ತೈತೆ ಸುಮ್ನಿರು."

ಇಳಿಜಾರು ಮುಗಿದಲ್ಲಿ ಕೀಲಿ ತಿರುಗಿಸಿದ. ಎಂಜಿನ್ ಮತ್ತೆ ಗುಂಯ್ ಎಂದಿತು.

ಟ್ಯಾಂಕು ಮುಗಿದು ಮತ್ತೆ ತುಂಬಿಸಿದಾಗ ಅಂಜಲಿ ಮೊಬೈಲಿನಲ್ಲಿ ಭಾಗಿಸಿ, "ಇಪ್ಪತ್ತೊಂದೂವರೆ ತಾತ!" ಎಂದು ಕೂಗಿದಳು. ಚಿತ್ತಯ್ಯ ಅವತ್ತು ಪೇಟೆಯಿಂದ ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡು ಬಂದ. ತಾನೊಂದೂ ಮಾತಾಡಲಿಲ್ಲ. ಮಾತಾಡಿದವನು ಗಿರೀಶ.

"ನೋಡ್ದಾ? ಅದೇ ಕಾರು, ಅದೇ ರಸ್ತೆ. ಇನ್ಮೇಲೆ ಅಪ್ಪನೇ ಓಡಿಸ್ಲಿ, ನೀನು ಆರಾಮಾಗಿ ಕುಂತ್ಕಂಡು ಹೋಗು."

"ನಾನು ಓಡಿಸಾಕೆ ಅಂತ ತಗಂಡಿದ್ದು ಕಾರು," ಎಂದಳು ರಂಜಿತಾ.

"ಓಡಿಸು, ಯಾರು ಬೇಡ ಅಂದ್ರು? ಭಾನುವಾರ ಓಡಿಸು."

"ಕಂತು ಕಟ್ಟೋಳು ಅವಳು, ಕಿಟಕಿ ಮುಚ್ಚಿ ಬೇಯೋಳೂ ಅವಳಾ?" ಎಂದು ಕೆಂಚಕ್ಕ ಬಜ್ಜಿಯ ಕಾಗದ ಮಡಿಸುತ್ತ ಕೇಳಿದಳು. ಮರುದಿನ ಬೆಳಿಗ್ಗೆ ಚಿತ್ತಯ್ಯ ಶರ್ಟು ಹಾಕಿಕೊಂಡು ಕೀಲಿ ಹಿಡಿದು ಬಾಗಿಲಲ್ಲಿ ನಿಂತಿದ್ದ.

ಆಷಾಢ ಹಿಡಿಯಿತು. ಗುಡ್ಡದ ಸಾಲಿನ ಮೇಲೆ ಕರೆಂಟು ತೆಗೆಯುವ ಗಾಳಿ ಫ್ಯಾನುಗಳು ಹಗಲಿರುಳು ತಿರುಗತೊಡಗಿದವು. ಎದುರುಗಾಳಿಗೆ ಕಾರು ಹೆಚ್ಚು ಕುಡಿಯುತ್ತದೆಂದು ಚಿತ್ತಯ್ಯ ವೇಗವನ್ನು ಇನ್ನೂ ಇಳಿಸಿದ. ಇಳಿಜಾರು ಕಂಡಲ್ಲೆಲ್ಲ ಕೀಲಿ ತಿರುಗಿಸಿದ. ಆ ನಡುವೆ ಒಂದು ದಿನ ಕಾರನ್ನು ಚಿತ್ರದುರ್ಗಕ್ಕೆ ಒಯ್ದು ಮೊದಲ ಸರ್ವೀಸು ಮಾಡಿಸಿ ತಂದರು. ಅಲ್ಲಿನ ಮೆಕ್ಯಾನಿಕ್ ಮುದ್ದಣ್ಣ, ಐವತ್ತು ದಾಟಿದ ಮೆದು ಮಾತಿನ ಮನುಷ್ಯ, ಎಲ್ಲ ನೋಡಿ, ಬ್ರೇಕನ್ನೂ ಪರೀಕ್ಷಿಸಿ ಕಳಿಸಿದ್ದ.

ಅದಾದ ಐದನೆಯ ದಿನ ಸಂಜೆ ಅದೇ ಇಳಿಜಾರಿನಲ್ಲಿ ಚಿತ್ತಯ್ಯ ಕೀಲಿ ತಿರುಗಿಸಿದ. ಮುಂದೊಂದು ಟ್ರ್ಯಾಕ್ಟರಿತ್ತು, ಅದಕ್ಕೆ ಎರಡು ಸಲ ಬ್ರೇಕು ಒತ್ತಿದ. ಟ್ರ್ಯಾಕ್ಟರು ಹೊಲಕ್ಕೆ ಇಳಿದುಹೋಯಿತು. ತಿರುವು ದಾಟಿದರೆ ರಸ್ತೆಯ ತುಂಬ ಕುರಿ. ಹೆಗಲಿಗೆ ಕಂಬಳಿ ಹಾಕಿದ ಮುದುಕನೊಬ್ಬ ಬೆನ್ನು ಮಾಡಿಕೊಂಡು ನಡುವೆ ನಡೆಯುತ್ತಿದ್ದ.

"ಮಾವ!"

ಚಿತ್ತಯ್ಯ ಬ್ರೇಕಿನ ಮೇಲೆ ಕಾಲಿಟ್ಟು ಸೀಟಿನಿಂದ ಅರ್ಧ ಎದ್ದೇಬಿಟ್ಟ. ಕಾರು ನಿಲ್ಲಲಿಲ್ಲ. ಸ್ಟೀರಿಂಗ್ ಎಳೆದ, ಅದೂ ಒರಳುಕಲ್ಲಿನ ಹಾಗೆ ಬಿಗಿದುಕೊಂಡಿತ್ತು. ಎರಡೂ ಕೈಯಿಂದ ಜಗ್ಗಿ ಹೇಗೋ ಮುದುಕನನ್ನು ತಪ್ಪಿಸಿದ. ಎರಡು ಕುರಿಗಳು ಅಡಿಗೆ ಬಂದವು. ಕಾರು ಬದುವಿಗೆ ಬಡಿದು ನಿಂತಿತು.

ರಂಜಿತಾ ಇಳಿಯುವ ಮೊದಲು ಕಂಡದ್ದು ಮಾವನ ಬಲಗೈ. ಅದು ಕೀಲಿಯನ್ನು ಆನ್ ಮಾಡಿತು. ಎಂಜಿನ್ ಎದ್ದಿತು. ಆಮೇಲೆ ಅವನು ಬಾಗಿಲು ತೆರೆದ.

"ಬ್ರೇಕು ಹಿಡೀಲಿಲ್ಲ ಕಣಪ್ಪ," ಎಂದ ಮುದುಕನಿಗೆ. "ಹೊಸ ಗಾಡಿ. ಬ್ರೇಕೇ ಹಿಡೀಲಿಲ್ಲ."

ಮುದುಕನ ಹೆಸರು ಕಾಟಲಿಂಗಪ್ಪ, ಅಲ್ಲೇ ಪಕ್ಕದ ಹಟ್ಟಿಯವನು. ಅವನು ಸತ್ತ ಕುರಿಗಳ ಹತ್ತಿರ ಕೂತು ಅವುಗಳ ಮೈ ಸವರಿದ. ಯಾವ ಹಟ್ಟಿಯವರು ಎಂದು ಕೇಳಿದ, ಚಿತ್ತಯ್ಯ ಹೇಳಿದ. ಕೊಡಲು ಹೋದ ದುಡ್ಡನ್ನು ಕಾಟಲಿಂಗಪ್ಪ ಮುಟ್ಟಲಿಲ್ಲ.

"ಗಾಡಿ ಕೈಕೊಟ್ರೆ ನೀವೇನ್ ಮಾಡ್ತೀರಿ? ನಮ್ಮೋರೇ ಆದ್ರಿ. ಹೋಗ್ರಿ."

ಮನೆಯಲ್ಲಿಯೂ ಚಿತ್ತಯ್ಯ ಅದನ್ನೇ ಹೇಳಿದ. ಹೇಳುವಾಗ ಸೊಸೆಯ ಕಡೆ ನೋಡಲಿಲ್ಲ. ರಂಜಿತಾ ಒಳಗೆ ಹೋಗಿ ಅಕ್ಕಿ ತೊಳೆಯಲು ನಿಂತಳು.

ಕಾರನ್ನು ಎಳೆದುಕೊಂಡು ಚಿತ್ರದುರ್ಗಕ್ಕೆ ಹೋದರು. ಮುಂದಿನ ಬಂಪರು, ಒಂದು ದೀಪ ಹೋಗಿದ್ದವು. ಬ್ರೇಕಿನಲ್ಲಿ ದೋಷವೇ ಇಲ್ಲ ಎಂದು ಅಲ್ಲಿಯವರು ಹೇಳಿದ್ದೇ ತಡ, ಗಿರೀಶ ಸಿಡಿದೆದ್ದ. ದಿನ ಬಿಟ್ಟು ದಿನ ಅಂಗಡಿ ಮುಚ್ಚಿ ಹೊಳಲ್ಕೆರೆ ಮೇಲೆ ಚಿತ್ರದುರ್ಗಕ್ಕೆ ಓಡಿದ. ಐದು ದಿನದ ಹಿಂದೆ ಬ್ರೇಕು ಮುಟ್ಟಿದವನು ಯಾರು ಎಂದು ಮೇಜು ಕುಟ್ಟಿ ಕೇಳಿದ. ಮುದ್ದಣ್ಣನ ಹೆಸರು ಬಂತು. ಬಂದವರ ಎದುರಿಗೇ ಅವನನ್ನು ಬೈದ. ಸರ್ವೀಸ್ ಸೆಂಟರಿನ ಮ್ಯಾನೇಜರು ಗಲಾಟೆ ತಣ್ಣಗಾಗಲೆಂದು, ವಿಚಾರಣೆ ಮುಗಿಯುವ ತನಕ ಕೆಲಸಕ್ಕೆ ಬರಬೇಡ ಎಂದು ಮುದ್ದಣ್ಣನಿಗೆ ಹೇಳಿದ.

ರಂಜಿತಾ ಮತ್ತೆ ಏಳೂವರೆಯ ಬಸ್ಸು ಹತ್ತಿದಳು. ಕೆಂಚಕ್ಕ ಮತ್ತೆ ಗೋಡೆ ಹಿಡಿದು ಎದ್ದು ಎಸರಿಟ್ಟಳು. ಮುದ್ದೆ ಒಂದೊಂದು ದಿನ ಗಂಟಾಯಿತು, ಅಂಜಲಿ ಮೂಗು ಮುರಿದಳು, ಗಿರೀಶ ಬೈದ. ಚಿತ್ತಯ್ಯ ಕಟಿಂಗ್ ಶಾಪಿನ ಕಡೆ ಹೋಗುವುದನ್ನೇ ಬಿಟ್ಟ.

ಮೂರು ವಾರದ ಮೇಲೆ ಮುದ್ದಣ್ಣ ಮಾಡದಕೆರೆ ಆಸ್ಪತ್ರೆಗೆ ಬಂದ. ಜ್ವರದವರ, ಬಸುರಿಯರ ನಡುವೆ ಬೆಂಚಿನ ತುದಿಯಲ್ಲಿ ಕೂತು, ಸರದಿ ಬಂದಾಗ ಒಳಗೆ ಬಂದ. ರಂಜಿತಾ ಸೂಜಿ ತೆಗೆದುಕೊಂಡಳು.

"ರಕ್ತ ಕೊಡಾಕೆ ಬಂದಿಲ್ಲ ಮೇಡಂ. ನಾನು ಮುದ್ದಣ್ಣ, ನಿಮ್ಮ ಕಾರು ಸರ್ವೀಸು ಮಾಡಿದೋನು. ಒಂದೇ ಮಾತು ಕೇಳಿ ಹೋಗ್ತೀನಿ. ನೀವು ಪಕ್ಕದಾಗೆ ಇದ್ರಂತಲ್ಲ. ಅವತ್ತು ನಿಮ್ಮ ಮಾವನೋರು ಬ್ರೇಕು ಒತ್ತಿದಾಗ ಪೆಡಲ್ಲು ಮೆತ್ತಗೆ ಒಳಗೋಯ್ತಾ, ಇಲ್ಲ ಗಟ್ಟಿಯಾಗಿ ನಿಂತ್ಕಂತಾ?"

"ನನ್ನ ಕಾಲಲ್ಲ ಅಲ್ಲಿದ್ದದ್ದು."

"ಮೆತ್ತಗೆ ಹೋಗಿದ್ರೆ ನನ್ನ ತಪ್ಪು ಮೇಡಂ, ಒಪ್ಕಂತೀನಿ. ಗಟ್ಟಿಯಾಗಿದ್ರೆ…" ಅವನು ತಡೆದ. "ಎಂಜಿನ್ ಓಡ್ತಿತ್ತಾ?"

ರಂಜಿತಾ ಕೈಯಲ್ಲಿದ್ದ ನಳಿಕೆಗೆ ಚೀಟಿ ಅಂಟಿಸಿದಳು. ಅಂಟಿದ್ದನ್ನು ಬಿಡಿಸಿ ಮತ್ತೆ ಅಂಟಿಸಿದಳು.

"ಹೊರಗೆ ಜನ ಕಾಯ್ತಾ ಅವ್ರೆ," ಎಂದಳು.

"ಆಯ್ತು ಮೇಡಂ." ಮುದ್ದಣ್ಣ ಎದ್ದ. ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುವಾಗ ಅವನು ಗೋಡೆ ಹಿಡಿದುಕೊಂಡದ್ದನ್ನು ಅವಳು ನೋಡಿದಳು. ಅವತ್ತು ಮಧ್ಯಾಹ್ನ ಡಬ್ಬಿಯ ಚಿತ್ರಾನ್ನವನ್ನು ಅವಳು ಅರ್ಧ ಬಿಟ್ಟಳು.

ಸಂಜೆ ಚಿತ್ತಯ್ಯ ಹಿತ್ತಲಿನ ಕರಿಬೇವಿನ ಗಿಡಕ್ಕೆ ನೀರು ಹಾಕುತ್ತಿದ್ದ. ರಂಜಿತಾ ಹಗ್ಗದಿಂದ ಬಟ್ಟೆ ತೆಗೆಯುತ್ತ ಹೇಳಿದಳು: "ಮುದ್ದಣ್ಣ ಬಂದಿದ್ದ ಮಾವ, ಆಸ್ಪತ್ರೆಗೆ. ಎಂಜಿನ್ ಓಡ್ತಿತ್ತಾ ಅಂತ ಕೇಳ್ದ."

ನೀರು ಒಂದೇ ಕಡೆ ಬೀಳುತ್ತಿತ್ತು.

"ಏನಂದೆ?"

"ಏನೂ ಅನ್ನಲಿಲ್ಲ. ನಾನು ಹೇಳೋದಲ್ಲ ಅದು. ನೀವೇ ಹೇಳ್ರಿ."

"ಮೂವತ್ತೆರಡು ವರ್ಷ…" ಎಂದು ಚಿತ್ತಯ್ಯ ಶುರುಮಾಡಿದ. ಬಿಂದಿಗೆ ಕೆಳಗಿಟ್ಟು ಒಳಗೆ ಹೋದ.

ಶ್ರಾವಣದ ಎರಡನೆಯ ವಾರ ಗಿರೀಶ ವಕೀಲರ ಹತ್ತಿರ ಟೈಪು ಮಾಡಿಸಿದ ಕಾಗದ ತಂದ. ಊಟಕ್ಕೆ ಕೂತಾಗಲೇ ಅದನ್ನು ರಂಜಿತಾಳ ಮುಂದೆ ಚಾಚಿದ.

"ಗ್ರಾಹಕರ ಕೋರ್ಟಿಗೆ ಹಾಕ್ತಿದೀನಿ. ಕಾರು ನಿನ್ನ ಹೆಸರಲ್ಲೈತೆ, ಕಣ್ಣಾರೆ ನೋಡಿದೋಳೂ ನೀನೇ. ಇಲ್ಲೊಂದು, ಇಲ್ಲೊಂದು ಸೈನ್ ಹಾಕು."

ರಂಜಿತಾ ಓದಿದಳು. ಎಂಜಿನ್ ಚಾಲನೆಯಲ್ಲಿರುವಾಗಲೇ ಬ್ರೇಕು ವಿಫಲವಾದದ್ದನ್ನು ತಾನು ನೋಡಿದ್ದಾಗಿ ಅದರಲ್ಲಿತ್ತು. ಮೆಕ್ಯಾನಿಕನ ಹೆಸರೂ ಇತ್ತು.

"ನಾನು ಹಾಕಲ್ಲ ರೀ."

"ಯಾಕೆ?"

"ಹಾಕಲ್ಲ, ಅಷ್ಟೆ."

"ಅಂದ್ರೆ? ಅಪ್ಪ ಸುಳ್ಳು ಹೇಳ್ತಾನೆ ಅಂತೀಯಾ?"

"ನಾನು ಹಂಗಂದ್ನಾ?"

"ಮತ್ತಿನ್ನೇನು ಇದು? ಇದ್ದಿದ್ದನ್ನ ಇದ್ದಂಗೆ ಬರೆಯಾಕೆ ನಿನಗೇನು ಕಷ್ಟ? ಕೈಯಾಗಿಂದ ಕಾರು ಹೋತು ಅಂತ ಮೊದ್ಲಿಂದ ಸಿಟ್ಟು ನಿನಗೆ, ಅಪ್ಪನ ಮೇಲೆ ತೀರಿಸ್ಕಂತಿದೀಯ!"

ರಂಜಿತಾಳ ಮುಖ ಕೆಂಪಾಯಿತು. ಬಾಯಿ ತೆರೆದವಳು ಮಾವನ ಕಡೆ ನೋಡಿದಳು. ಚಿತ್ತಯ್ಯ ಮಜ್ಜಿಗೆಯ ಅನ್ನವನ್ನು ತಟ್ಟೆಯಲ್ಲಿ ಸುತ್ತ ತಿರುಗಿಸುತ್ತಿದ್ದ.

"ಅವಳು ಹಾಕಲ್ಲ ಅಂದ್ಮೇಲೆ ಬಿಡು," ಎಂದಳು ಕೆಂಚಕ್ಕ.

"ನಿನಗೇನು ಗೊತ್ತು ಅಮ್ಮ, ಸುಮ್ನಿರು."

"ನಂಗೇನೂ ಗೊತ್ತಿಲ್ಲ. ನಾನು ಗಾಡಿ ಓಡಿಸಿದೋಳಲ್ಲ." ಅವಳು ಮಗನಿಗಲ್ಲ, ಗಂಡನಿಗೆ ಹೇಳುವಂತೆ ಹೇಳಿದಳು. "ಈ ಮನುಷ್ಯನ ಬಸ್ಸಿನಾಗೆ ಮುಂದಿನ ಸೀಟಿನಾಗೆ ಕುಂತು ತವರಿಗೆ ಹೋಗಿಬಂದಿದೀನಿ. ಇಳಿಜಾರು ಬಂದ್ರೆ ಈ ಕೈ ಎಲ್ಲಿಗೆ ಹೋಗ್ತೈತೆ ಅಂತ ನೋಡಿದೀನಿ. ಅಷ್ಟೇ ನಂಗೊತ್ತಿರೋದು."

ಗಿರೀಶ ಅಪ್ಪನನ್ನು ನೋಡಿದ. ಚಿತ್ತಯ್ಯ ತಟ್ಟೆಯಲ್ಲೇ ಕೈ ತೊಳೆದು, ಎದ್ದು, ಹೊರಗಿನ ಜಗಲಿಗೆ ಹೋದ.

ಬೆಳಿಗ್ಗೆ ರಂಜಿತಾ ಎದ್ದಾಗ ಮಾವನ ಹಾಸಿಗೆ ಸುತ್ತಿಟ್ಟಿತ್ತು.

"ಆರೂಕಾಲಿನ ಬಸ್ಸಿಗೆ ಚಿತ್ರದುರ್ಗಕ್ಕೆ ಹೋದ್ರು," ಎಂದಳು ಕೆಂಚಕ್ಕ, ಒಲೆಯ ಮೇಲೆ ಕಾಫಿ ಇಡುತ್ತ. "ನೀನೂ ರಜ ಹಾಕಿ ಹೋಗು. ಕಾರು ರಿಪೇರಿಯಾಗಿ ನಿಂತೈತಂತಲ್ಲ, ತರಬೇಕಾದ್ರೆ ಓಡಿಸೋರು ಬೇಕು. ತಾನು ಇನ್ನು ಮುಟ್ಟಲ್ಲ ಅಂದ್ರು."

ಅವಳು ತಲುಪುವಷ್ಟರಲ್ಲಿ ಹೇಳುವುದನ್ನೆಲ್ಲ ಚಿತ್ತಯ್ಯ ಹೇಳಿಯಾಗಿತ್ತು. ಮುದ್ದಣ್ಣನನ್ನು ಕರೆಸದಿದ್ದರೆ ಬಾಯಿ ಬಿಡುವುದಿಲ್ಲ ಎಂದು ಒಂದೂವರೆ ಗಂಟೆ ಕಾದು ಕೂತನಂತೆ. ಈಗ ಅವನು ಅಂಗಳದಲ್ಲಿ ಕಾರಿನ ಚಾಲಕನ ಸೀಟಿನಲ್ಲಿದ್ದ. ಮುದ್ದಣ್ಣ ತೆರೆದ ಬಾಗಿಲ ಬಳಿ ಬಗ್ಗಿ ನಿಂತಿದ್ದ.

"ಎಂಜಿನ್ ಆಫ್ ಐತೆ. ಈಗ ಬ್ರೇಕು ಒತ್ರಿ ಸಾರ್. ಹಾಂ, ಹೋಯ್ತಲ್ಲ? ಬಿಡ್ರಿ. ಮತ್ತೆ ಒತ್ರಿ. ಇನ್ನೊಂದ್ಸಲ."

ಮೂರನೆಯ ಸಲ ಚಿತ್ತಯ್ಯನ ಕಾಲು ನಿಂತಲ್ಲೇ ನಿಂತಿತು. ಅವನು ಮೊಣಕಾಲು ಚಾಚಿ ತುಳಿದ. ಪೆಡಲ್ಲು ಜಗ್ಗಲಿಲ್ಲ.

"ಎಂಜಿನ್ ಓಡ್ತಿದ್ರೆ ಅದೇ ಒತ್ತಿ ಕೊಡ್ತೈತೆ ಸಾರ್. ನಿಂತ್ರೆ ಒಂದೆರಡು ಸಲಕ್ಕೆ ಆಗೋಷ್ಟು ಬಲ ಮಾತ್ರ ಉಳಿದಿರ್ತೈತೆ. ಸ್ಟೀರಿಂಗೂ ಹಂಗೇ. ಬಸ್ಸಿನ ಗಾಳಿ ಟ್ಯಾಂಕು ಇಲ್ಲ ಇದ್ರಾಗೆ."

"ಗೊತ್ತಾಯ್ತು," ಎಂದ ಚಿತ್ತಯ್ಯ. ಪೆಡಲ್ಲಿನಿಂದ ಕಾಲು ತೆಗೆದು ಕೇಳಿದ: "ಇಳಿಜಾರಿನಾಗೆ ಹಂಗೆ ಆಫ್ ಮಾಡಿದ್ರೆ ಎಷ್ಟು ಉಳೀತಿತ್ತು ಮುದ್ದಣ್ಣ? ಲೀಟರಿಗೆ ಒಂದು ಕಿಲೋಮೀಟರು? ಎರಡು?"

ಮುದ್ದಣ್ಣ ಉತ್ತರಿಸಲು ಹಿಂದುಮುಂದು ನೋಡಿದ.

"ಹೇಳಪ್ಪ."

"ಏನೂ ಇಲ್ಲ ಸಾರ್. ಈಗಿನ ಗಾಡಿಗಳು ಹಂಗೇ. ಗೇರಿನಾಗೇ ಬಿಟ್ಟು ಎಕ್ಸಿಲೇಟರಿಂದ ಕಾಲು ತೆಗೆದ್ರೆ ಇಳಿಜಾರಿನಾಗೆ ಪೆಟ್ರೋಲು ತಾನೇ ನಿಂತೋಗ್ತೈತೆ. ಎಂಜಿನ್ನು ಚಕ್ರದ ಜೊತೆ ಸುಮ್ನೆ ತಿರುಗ್ತಿರ್ತೈತೆ. ನಿಮಗೆ ಇಪ್ಪತ್ತೊಂದೂವರೆ ಬಂದಿದ್ದು ಮೆಲ್ಲಗೆ ಓಡಿಸಿದ್ದಕ್ಕೆ, ಎಸಿ ಹಾಕದೆ ಇದ್ದದ್ದಕ್ಕೆ. ಕೀಲಿಯಿಂದ ಅಲ್ಲ."

"ಏನೂ ಇಲ್ವಾ?"

"ಒಂದು ಹನಿ ಇಲ್ಲ ಸಾರ್."

ಚಿತ್ತಯ್ಯ ಸ್ಟೀರಿಂಗಿನ ಮೇಲೆ ಎರಡೂ ಕೈ ಇಟ್ಟುಕೊಂಡು ಎದುರಿನ ಗೋಡೆ ನೋಡುತ್ತ ಕೂತ. ಆಮೇಲೆ ಫೋನು ತೆಗೆದು ಮಗನಿಗೆ ಹಚ್ಚಿದ.

"ಆ ಕಾಗದ ಹರಿದು ಹಾಕು. … ನಾನೇ ಎಂಜಿನ್ ಆಫ್ ಮಾಡಿದ್ದೆ. … ಹೂಂ, ನಾನೇ." ಆ ಕಡೆಯಿಂದ ಗಿರೀಶ ಕೂಗಾಡುವುದು ರಂಜಿತಾಳಿಗೂ ಕೇಳಿಸಿತು. ಚಿತ್ತಯ್ಯ ಪೂರ್ತಿ ಕೇಳಿಸಿಕೊಂಡ. "ಆಯ್ತು, ಮನೆಗೆ ಬಂದ್ಮೇಲೆ ಬೈಯಿ. ಈಗ ಮುದ್ದಣ್ಣ ಇಲ್ಲೇ ಅವನೆ, ಮಾತಾಡು. … ಏನ್ ಮಾತಾಡಾದು ಅಂದ್ರೆ? ಹತ್ತು ಜನದ ಮುಂದೆ ಬೈದಿದೀಯಲ್ಲ, ಅದನ್ನ ಮಾತಾಡು."

ಫೋನು ಮುದ್ದಣ್ಣನ ಕೈಗೆ ಹೋಯಿತು. ಅವನು ದೂರ ಸರಿದು, "ಇರ್ಲಿ ಬಿಡ್ರಿ… ಇರ್ಲಿ ಬಿಡ್ರಿ," ಎನ್ನುತ್ತಿದ್ದ. ಮ್ಯಾನೇಜರು ಅವನಿಗೆ ಸೋಮವಾರದಿಂದ ಕೆಲಸಕ್ಕೆ ಬಾ ಎಂದ.

ವಾಪಸು ಬರುವಾಗ ರಂಜಿತಾ ಓಡಿಸಿದಳು. ಹೊಳಲ್ಕೆರೆ ದಾಟಿದರೂ ಚಿತ್ತಯ್ಯ ಗೇರು ಬದಲಿಸು ಎನ್ನಲಿಲ್ಲ, ಕಾಲು ತೆಗಿ ಎನ್ನಲಿಲ್ಲ. ಅವಳು ಎಸಿ ಹಾಕಿದಾಗ ಕಿಟಕಿಯ ಕಡೆ ತಿರುಗಿಕೊಂಡ. ಹೊಸದುರ್ಗ ಬಂತು. ಅವಳು ಮನೆಯ ಬೀದಿಗೆ ತಿರುಗಿಸಲು ಹೋದಾಗ, "ಈಗಲೇ ಬೇಡ. ಮಾಡದಕೆರೆ ರಸ್ತೆ ಹಿಡಿ," ಎಂದ.

ಕಾಟಲಿಂಗಪ್ಪ ಹಟ್ಟಿಯ ಮನೆಯ ಮುಂದೆ ಹಗ್ಗದ ಮಂಚದ ಮೇಲೆ ಕೂತಿದ್ದ. ಪಕ್ಕದಲ್ಲಿ ಕುರಿ ಇರಲಿಲ್ಲ, ಕೈಯಲ್ಲಿ ಕೋಲಿರಲಿಲ್ಲ. ಇವರನ್ನು ಗುರುತು ಹಿಡಿಯಲು ತುಸು ಹೊತ್ತು ಬೇಕಾಯಿತು.

"ಬರ್ರಿ, ಕುಂತ್ಕಳ್ರಿ. ಗಾಡಿ ಸರಿಹೋಯ್ತಾ?"

ಚಿತ್ತಯ್ಯ ಕೂರಲಿಲ್ಲ. "ಗಾಡಿ ಸರಿಯಾಗೇ ಇತ್ತು ಕಣಪ್ಪ. ನಾನು ನಿಮಗೆ ಸುಳ್ಳು ಹೇಳ್ದೆ. ಪೆಟ್ರೋಲು ಉಳೀಲಿ ಅಂತ ಇಳಿಜಾರಿನಾಗೆ ಎಂಜಿನ್ ಆಫ್ ಮಾಡಿದ್ದೆ. ಅದಕ್ಕೆ ಬ್ರೇಕು ಹಿಡೀಲಿಲ್ಲ. ತಪ್ಪು ನಂದು. ಆ ಎರಡು ಕುರಿ ದುಡ್ಡು ತಂದಿದೀನಿ, ಇವತ್ತು ಬೇಡ ಅನ್ನಬ್ಯಾಡ್ರಿ."

ಕಾಟಲಿಂಗಪ್ಪ ದುಡ್ಡಿನ ಕಡೆ ನೋಡಲಿಲ್ಲ. ಚಿತ್ತಯ್ಯನ ಬಾಯನ್ನೇ ನೋಡುತ್ತಿದ್ದ.

"ಎಂಜಿನ್ ಆಫ್ ಮಾಡಿದ್ರಾ?"

"ಹೂಂ."

"ಅಂದ್ರೆ ಸದ್ದು?"

"ಸದ್ದಿರಲಿಲ್ಲ."

"ಹಾರನ್ನೂ ಮಾಡ್ಲಿಲ್ಲ?"

"ಮಾಡ್ಲಿಲ್ಲ. ಕೈಯೆರಡೂ ಸ್ಟೀರಿಂಗ್ ಮೇಲಿದ್ವು."

ಕಾಟಲಿಂಗಪ್ಪ ಮಂಚದಿಂದ ಎದ್ದು ನಿಂತ. "ಇಷ್ಟು ದಿನ ನನ್ನ ಕಿವಿ ಹೋದ್ವು ಅಂತ ತಿಳ್ಕಂಡಿದೀನಲ್ಲಯ್ಯ! ಬೆನ್ನಿಗೆ ಗಾಡಿ ಬಂದ್ರೂ ಕೇಳಲಿಲ್ಲ ಅಂದ್ಮೇಲೆ ಇವನನ್ನ ನಂಬಿ ಕುರಿ ಬಿಡಬಾರ್ದು ಅಂತ ಮಗ ಕೋಲು ಕಿತ್ಕಂಡ. ನಾನೂ ಕೊಟ್ಟೆ. ಕೊಡದೆ ಏನ್ ಮಾಡ್ಲಿ? ನಂಗೇ ನಂಬಿಕೆ ಹೋಗಿತ್ತು. ಮೂರು ಕಾಸಿನ ಮನುಷ್ಯನಂಗೆ ಇಲ್ಲಿ ಕುಂತಿದೀನಿ!" ಅವನ ದನಿ ಏರಿತು. ಬೈಯುತ್ತಿದ್ದಾನೋ ನಗುತ್ತಿದ್ದಾನೋ ರಂಜಿತಾಳಿಗೆ ತಿಳಿಯಲಿಲ್ಲ. "ಲೇ ಕೊಟ್ರಿ! ಕೊಟ್ರಮ್ಮ! ಬಾ ಇಲ್ಲಿ, ಇವರು ಹೇಳೋದ್ನ ಕೇಳು!"

ಹೆಂಡತಿ ಕೊಟ್ರಮ್ಮ ಸೆರಗಿಗೆ ಕೈ ಒರೆಸುತ್ತ ಬಂದಳು. ಚಿತ್ತಯ್ಯ ಎಲ್ಲವನ್ನೂ ಮೊದಲಿನಿಂದ ಹೇಳಿದ. ಅವಳು ಕೇಳಿ ಮುಗಿಸಿ, "ನಮ್ಮ ಹುಡುಗನ ಮುಂದೆ ಹೇಳ್ತೀರಾ? ನಾವು ಹೇಳಿದ್ರೆ ಅವನು ನಂಬಲ್ಲ," ಎಂದಳು.

"ಎಷ್ಟೊತ್ತಿಗೆ ಬರ್ತಾನೆ?"

"ಕುರಿ ಹೊಡ್ಕಂಡು ಬರಾದು ಹೊತ್ತು ಮುಳುಗೋ ಹೊತ್ತಿಗೆ."

"ಕಾಯ್ತೀನಿ," ಎಂದು ಚಿತ್ತಯ್ಯ ಮಂಚದ ಮೇಲೆ ಕೂತ. ರಂಜಿತಾ ಕೆಂಚಕ್ಕನಿಗೆ ಫೋನು ಮಾಡಿ, ಊಟಕ್ಕೆ ತಡವಾಗುತ್ತದೆ, ಅಂಜಲಿಗೆ ಬಡಿಸಿಬಿಡ್ರಿ ಎಂದಳು. ಕೊಟ್ರಮ್ಮ ಕಡಲೆಕಾಯಿ, ಬೆಲ್ಲ ತಂದಿಟ್ಟಳು. ಇಬ್ಬರು ಮುದುಕರು ಬಿಡಿಸಿಕೊಂಡು ತಿಂದರು. ಹಟ್ಟಿಗಳ, ಸತ್ತವರ, ಕುರಿಯ ರೋಗಗಳ ಮಾತಾಡಿದರು.

ಬಿಸಿಲು ಇಳಿದಾಗ ಕಾಟಲಿಂಗಪ್ಪ ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿ ಕತ್ತೆತ್ತಿದ.

"ಬಂದ್ವು," ಎಂದ.

ರಂಜಿತಾಳಿಗೆ ಏನೂ ಕೇಳಿಸಲಿಲ್ಲ. ಚಿತ್ತಯ್ಯನೂ ಇಲ್ಲವೆಂದು ತಲೆಯಾಡಿಸಿದ. ಸುಮಾರು ಹೊತ್ತಾದ ಮೇಲೆ ತಿರುವಿನಲ್ಲಿ ಧೂಳು ಕಾಣಿಸಿತು, ಅದರ ಹಿಂದೆ ಕುರಿಗಳು, ಅವುಗಳ ಹಿಂದೆ ಕೋಲು ಹಿಡಿದ ಮಗ. ಚಿತ್ತಯ್ಯ ಎದ್ದು, ಲುಂಗಿಯ ಮೇಲಿನ ಕಡಲೆಕಾಯಿ ಸಿಪ್ಪೆ ಕೊಡವಿಕೊಂಡು, ಯಾರೂ ಕರೆಯದೆ ತಾನೇ ಎದುರಿಗೆ ನಡೆದುಹೋದ.